ಬಾತ್‌ನಲ್ಲೇ ಕಟ್ ಆಗಲಿ, ರೂಪಾಯಿ ಬೇಡ

ಬ್ಯಾಂಕಾಕಿನ ಎಟಿಎಂನಲ್ಲಿ ಅಲ್ಲಿಯ ಕರೆನ್ಸಿ ಬಾತ್ 5,000 ತೆಗೆದರೆ ಅದಕ್ಕೆ ಎಷ್ಟು ದಂಡ ಬೀಳುತ್ತದೆ ಅನ್ನುವುದನ್ನು ದಾವಣಗೆರೆಯಲ್ಲಿ ಕೂತೇ ಲೆಕ್ಕ ಹಾಕಬಹುದು. ಗುಣಿಸಲು ಸುಲಭವಾಗಲಿ ಅಂತ ಒಂದು ಬಾತ್‌ಗೆ ಎರಡೂವರೆ ರೂಪಾಯಿ ಎಂದು ಇಟ್ಟುಕೊಳ್ಳಿ. 5,000 ಬಾತ್ ಅಂದರೆ 12,500 ರೂಪಾಯಿ. ಥಾಯ್ಲೆಂಡಿನ ಎಟಿಎಂಗಳು ಹೊರದೇಶದ ಕಾರ್ಡಿಗೆ ಒಂದು ಸಲಕ್ಕೆ 220 ಬಾತ್ ಹಿಡಿಯುತ್ತವೆ, ಕೆಲವು ಇನ್ನೂ ಹೆಚ್ಚು. ಅದು 550 ರೂಪಾಯಿ. ಆ 220 ಕೂಡ ನೀವು ತೆಗೆದ ಹಣದ ಜೊತೆ ಸೇರಿಕೊಂಡು 5,220 ಬಾತ್, ಅಂದರೆ 13,050 ರೂಪಾಯಿ ಆಗಿ ನಿಮ್ಮ ಬ್ಯಾಂಕಿಗೆ ಬರುತ್ತದೆ. ಬ್ಯಾಂಕು ಅದರ ಮೇಲೆ ಶೇ. 3.5 ಮಾರ್ಕಪ್ (ಹೊರದೇಶದ ಕರೆನ್ಸಿಯ ವ್ಯವಹಾರಕ್ಕೆ ಹಿಡಿಯುವ ಹೆಚ್ಚುವರಿ ಚಾರ್ಜ್) ಹಾಕುತ್ತದೆ, ಮಾರ್ಕಪ್ ಮೇಲೆ ಶೇ. 18 ಜಿಎಸ್‌ಟಿ. ಎರಡೂ ಸೇರಿ 539 ರೂಪಾಯಿ. ಹೊರದೇಶದ ಎಟಿಎಂ ಬಳಸಿದ್ದಕ್ಕೆ ಒಂದು ಸಲದ ಚಾರ್ಜ್ 125 ಅಂತಿದ್ದರೆ ಜಿಎಸ್‌ಟಿ ಸೇರಿ 147 ರೂಪಾಯಿ 50 ಪೈಸೆ. ಕೂಡಿಸಿ ನೋಡಿ: ಹನ್ನೆರಡೂವರೆ ಸಾವಿರಕ್ಕೆ 1,236 ರೂಪಾಯಿ ಖರ್ಚು. ಹತ್ತಿರ ಹತ್ತಿರ ನೂರಕ್ಕೆ ಹತ್ತು.

ಈಗ ಅದೇ ಯಂತ್ರದಲ್ಲಿ ಒಂದೇ ಸಲಕ್ಕೆ 20,000 ಬಾತ್ ತೆಗೆಯಿರಿ, ಅದೂ ಮಾರ್ಕಪ್ ಇಲ್ಲದ ಕಾರ್ಡಿನಲ್ಲಿ. ಐವತ್ತು ಸಾವಿರ ರೂಪಾಯಿಗೆ ಖರ್ಚಾಗುವುದು 550 ಮತ್ತು 147, ಒಟ್ಟು 700 ರೂಪಾಯಿಯ ಒಳಗೆ. ನೂರಕ್ಕೆ ಒಂದೂವರೆಯೂ ಇಲ್ಲ. ಯಂತ್ರ ಅದೇ, ದೇಶ ಅದೇ. ಬದಲಾಗಿದ್ದು ಊರು ಬಿಡುವ ಮೊದಲು ಮಾಡಿಕೊಂಡ ತಯಾರಿ.

ಏಳು ಜನರ ಗುಂಪು, ಆರು ರಾತ್ರಿ ಬ್ಯಾಂಕಾಕ್-ಪಟ್ಟಾಯ, ಹೋಟೆಲ್ ದುಡ್ಡು ಮೊದಲೇ ಕಟ್ಟಿಯಾಗಿತ್ತು. ಮೇಲಿನ ಖರ್ಚಿನ ಹಣವನ್ನು ಹೇಗೆ ಒಯ್ಯಬೇಕು ಎಂಬ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಆ ಕೆಲಸ ನಡೆದ ಕ್ರಮದಲ್ಲೇ ಬರೆಯುತ್ತೇನೆ. ಬೇರೆ ದೇಶಕ್ಕೆ ಹೋಗುವವರು ಬಾತ್ ಇದ್ದಲ್ಲಿ ಯೂರೋ, ದಿರ್ಹಾಮ್, ಯೆನ್ ಅಂತ ಓದಿಕೊಂಡರೂ ನಡೆಯುತ್ತದೆ.

ಮೊದಲು ತಲೆಯಲ್ಲಿ ಕೂರಬೇಕಾದ ವಿಷಯ ಒಂದೇ. ‘ಫಾರಿನ್ ಚಾರ್ಜ್’ ಅನ್ನುವುದು ಒಂದು ಚಾರ್ಜ್ ಅಲ್ಲ. ಮೂರು ಬೇರೆ ಬೇರೆ ಕಡೆಯವರು ಕೈ ಹಾಕುತ್ತಾರೆ. ಒಂದು, ಕಾರ್ಡ್ ಕೊಟ್ಟ ನಿಮ್ಮ ಬ್ಯಾಂಕು. ಎರಡು, ಅಲ್ಲಿಯ ಎಟಿಎಂ ಇಟ್ಟವರು. ಮೂರು, ಅಲ್ಲೇ ನಿಂತ ನಿಲುವಿನಲ್ಲಿ ಬಾತನ್ನು ರೂಪಾಯಿ ಮಾಡಿಕೊಡುತ್ತೇವೆ ಅನ್ನುವವರು. ಮೊದಲನೆಯದನ್ನು ಕಾರ್ಡ್ ಆರಿಸುವಾಗ ತಡೆಯಬೇಕು, ಎರಡನೆಯದನ್ನು ಎಷ್ಟು ಸಲ ತೆಗೆಯುತ್ತೀರಿ ಎಂಬುದರಲ್ಲಿ, ಮೂರನೆಯದನ್ನು ಸ್ಕ್ರೀನಿನ ಮುಂದೆ ನಿಂತಾಗ. ಜೀರೋ ಮಾರ್ಕಪ್ ಕಾರ್ಡ್ ತಗೊಂಡು ಹೋದವರೂ ಮೂರನೆಯ ಕಡೆ ಸಿಕ್ಕಿಬಿದ್ದು ಬರುತ್ತಾರೆ. ಕಾರ್ಡ್ ಜೀರೋ ಅಂದರೆ ಎಲ್ಲವೂ ಜೀರೋ ಅಂತ ಅವರು ನಂಬಿರುತ್ತಾರೆ, ಅಷ್ಟೇ.

ಕೆಲಸ ಶುರು ಮಾಡಿದ್ದು ಹೊರಡುವ ಮೂರು ವಾರ ಮೊದಲು. ಹೊಸ ಕಾರ್ಡ್ ಅಂಚೆಯಲ್ಲಿ ಬರಬೇಕು, ಆ್ಯಕ್ಟಿವೇಟ್ ಆಗಬೇಕು, ಪಿನ್ ಆಗಬೇಕು, ಅಷ್ಟು ದಿನ ಬೇಕೇ ಬೇಕು. ಮೊದಲು ಏಳೂ ಜನರ ಕಾರ್ಡ್ ತರಿಸಿ ಮೇಜಿನ ಮೇಲೆ ಹರವಿ ನೋಡಿದೆವು. ಇಬ್ಬರ ಹತ್ತಿರ ಇದ್ದದ್ದು ಸಾದಾ ರುಪೇ. ಅದು ಭಾರತದ ಒಳಗಿನ ಕಾರ್ಡು, ಹೊರಗೆ ನಡೆಯುವುದಿಲ್ಲ. ರುಪೇ ಗ್ಲೋಬಲ್ ಅಂತ ಇನ್ನೊಂದು ಬಗೆ ಇದೆ. ಅದರ ಹಿಂಬದಿಯಲ್ಲಿ ಡಿಸ್ಕವರ್, ಡೈನರ್ಸ್ ಕ್ಲಬ್ ಗುರುತುಗಳಿರುತ್ತವೆ, ಆ ಗುರುತು ಇರುವ ಎಟಿಎಂ, ಅಂಗಡಿಗಳಲ್ಲಿ ನಡೆಯುತ್ತದೆ. ಆದರೂ ಒಬ್ಬರ ಹತ್ತಿರ ಒಂದಾದರೂ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರಲೇಬೇಕು ಅನ್ನುವುದು ನಮ್ಮ ಅಭಿಪ್ರಾಯ. ಸಣ್ಣ ಅಂಗಡಿಯ ಯಂತ್ರ ಯಾವ ಗುರುತನ್ನು ಒಪ್ಪುತ್ತದೆ ಅಂತ ಹುಡುಕುತ್ತಾ ನಿಲ್ಲಲು ಪ್ರವಾಸದಲ್ಲಿ ಪುರಸೊತ್ತು ಇರುವುದಿಲ್ಲ.

ಆಮೇಲೆ ಪ್ರತಿ ಕಾರ್ಡಿನ ಚಾರ್ಜ್ ಪಟ್ಟಿ. ಬ್ಯಾಂಕಿನ ವೆಬ್‌ಸೈಟಿನಲ್ಲಿ ‘ಶೆಡ್ಯೂಲ್ ಆಫ್ ಚಾರ್ಜಸ್’ ಅಂತ ಇರುತ್ತದೆ. ಅದರಲ್ಲಿ ನಾಲ್ಕು ಸಾಲು ಹುಡುಕಿ ಬರೆದುಕೊಳ್ಳಬೇಕು: ಫಾರಿನ್ ಕರೆನ್ಸಿ ಮಾರ್ಕಪ್ ಎಷ್ಟು, ಹೊರದೇಶದ ಎಟಿಎಂನಲ್ಲಿ ಒಂದು ಸಲಕ್ಕೆ ಎಷ್ಟು, ಅಲ್ಲಿ ಬ್ಯಾಲೆನ್ಸ್ ನೋಡಿದರೆ ಎಷ್ಟು, ಹೊರಗಿನ ಅಂಗಡಿಯಲ್ಲಿ ರೂಪಾಯಿಯಲ್ಲೇ ಕಟ್ಟಿದರೆ ಎಷ್ಟು. ಬ್ಯಾಲೆನ್ಸ್ ನೋಡಿದ್ದಕ್ಕೂ ದುಡ್ಡು ಹಿಡಿಯುತ್ತಾರೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಮಾರ್ಕಪ್ ಹೆಚ್ಚಿನ ಕಾರ್ಡುಗಳಲ್ಲಿ ಶೇ. 3.5, ದುಬಾರಿ ಕ್ರೆಡಿಟ್ ಕಾರ್ಡುಗಳಲ್ಲಿ ಶೇ. 2ರ ಆಸುಪಾಸು, ಕೆಲವು ಕಾರ್ಡುಗಳಲ್ಲಿ ಸೊನ್ನೆ. ಶೇ. 3.5 ಅಂತ ಬರೆದಿದ್ದರೆ ಜಿಎಸ್‌ಟಿ ಸೇರಿಸಿ 4.13 ಅಂತ ಓದಿಕೊಳ್ಳಿ. ಲಕ್ಷ ರೂಪಾಯಿ ಖರ್ಚಿಗೆ 4,130 ರೂಪಾಯಿ ಅದು.

ಇಷ್ಟಾದ ಮೇಲೆ ನಾವು ಬಂದ ತೀರ್ಮಾನ ಹೀಗೆ: ಮಾರ್ಕಪ್ ಇಲ್ಲದ ಡೆಬಿಟ್ ಕಾರ್ಡ್ ಎರಡು, ಅವು ನಗದು ತೆಗೆಯಲು ಮಾತ್ರ. ಮಾರ್ಕಪ್ ಇಲ್ಲದ ಅಥವಾ ಕಡಿಮೆ ಇರುವ ಕ್ರೆಡಿಟ್ ಕಾರ್ಡ್ ಎರಡು, ಅಂಗಡಿ, ಹೋಟೆಲಿಗೆ. ನಾಲ್ಕೂ ಬೇರೆ ಬೇರೆಯವರ ಪರ್ಸಿನಲ್ಲಿ. ಕ್ರೆಡಿಟ್ ಕಾರ್ಡಿನಲ್ಲಿ ಎಟಿಎಂ ಮುಟ್ಟಲೇಬಾರದು. ಮಾರ್ಕಪ್ ಜೊತೆಗೆ ಕ್ಯಾಶ್ ಅಡ್ವಾನ್ಸ್ ಫೀ ಅಂತ ಸಾಮಾನ್ಯವಾಗಿ ಶೇ. 2.5, ಅದಕ್ಕೊಂದು ಕನಿಷ್ಠ ಮೊತ್ತ, ಮೇಲೆ ತೆಗೆದ ದಿನದಿಂದಲೇ ಬಡ್ಡಿ. ಸಾಮಾನು ಕೊಂಡಾಗ ಸಿಗುವ ನಲವತ್ತೈದು ದಿನದ ಬಡ್ಡಿರಹಿತ ಅವಧಿ ನಗದಿಗೆ ಇಲ್ಲ. ಡೆಬಿಟ್ ಕಾರ್ಡಿನ ಖಾತೆಯಲ್ಲಿಯೂ ಎಲ್ಲ ಹಣ ಇಡಬೇಡಿ. ಪ್ರವಾಸಕ್ಕೆಂದೇ ಬೇರೆ ಖಾತೆ, ಅದರಲ್ಲಿ ಆ ವಾರಕ್ಕೆ ಬೇಕಾದಷ್ಟು, ಬೇಕೆಂದಾಗ ಫೋನಿನಿಂದ ಹಾಕಿಕೊಂಡರಾಯಿತು.

ಫೋನಿನಿಂದ ಹಾಕಿಕೊಳ್ಳಬಹುದು ಅನ್ನುವ ಮಾತಿಗೂ ಒಂದು ಷರತ್ತಿದೆ. ಬ್ಯಾಂಕಿನ ಆ್ಯಪ್, ಯುಪಿಐ ಆ್ಯಪ್ ಎರಡೂ ನಿಮ್ಮ ಸಿಮ್‌ಗೆ ಕಟ್ಟಿಕೊಂಡಿರುತ್ತವೆ. ವಿಮಾನ ಇಳಿದು ಭಾರತದ ಸಿಮ್ ತೆಗೆದು ಅಲ್ಲಿಯ ಸಿಮ್ ಹಾಕಿದ ಕೂಡಲೇ ಎಷ್ಟೋ ಆ್ಯಪ್‌ಗಳು ಮತ್ತೆ ಮೊದಲಿಂದ ನೋಂದಣಿ ಮಾಡಿ ಅನ್ನುತ್ತವೆ, ಆ ನೋಂದಣಿಗೆ ಬೇಕಾದ ಎಸ್‌ಎಂಎಸ್ ಹೋಗಬೇಕಾದ್ದು ತೆಗೆದಿಟ್ಟ ಸಿಮ್‌ನಿಂದ. ಹಾಗಾಗಿ ಎರಡು ಸಿಮ್ ಹಿಡಿಸುವ ಫೋನಿನಲ್ಲಿ ನಮ್ಮ ಸಿಮ್ ಹಾಗೆಯೇ ಇರಲಿ, ಅಲ್ಲಿಯ ಡೇಟಾಕ್ಕೆ ಇ-ಸಿಮ್ ಹಾಕಿಕೊಳ್ಳಿ. ಊರಲ್ಲಿರುವಾಗಲೇ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಒಟಿಪಿ ಬರಲು ಅದು ಬೇಕು. ನಮ್ಮ ಸಿಮ್‌ನ ಡೇಟಾ ರೋಮಿಂಗ್ ಮಾತ್ರ ಆಫ್ ಇರಲಿ, ಇಲ್ಲದಿದ್ದರೆ ಕಾರ್ಡಿನಲ್ಲಿ ಉಳಿಸಿದ್ದು ಫೋನ್ ಬಿಲ್ಲಿನಲ್ಲಿ ಹೋಗುತ್ತದೆ.

ಕಾರ್ಡ್ ಕೈಗೆ ಬಂದ ಮಾತ್ರಕ್ಕೆ ಹೊರದೇಶದಲ್ಲಿ ನಡೆಯುವುದಿಲ್ಲ. 2020ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹೊಸ ಕಾರ್ಡುಗಳು ಬರುವುದೇ ದೇಶದೊಳಗಿನ ಎಟಿಎಂ ಮತ್ತು ಸ್ವೈಪ್ ಯಂತ್ರಕ್ಕೆ ಮಾತ್ರ ತೆರೆದುಕೊಂಡು. ಹೊರದೇಶದ ಬಳಕೆಯನ್ನು ನಾವೇ ಆ್ಯಪ್‌ನಲ್ಲಿ ಆನ್ ಮಾಡಬೇಕು. ಅಲ್ಲಿ ಒಂದೇ ಸ್ವಿಚ್ ಇರುವುದಿಲ್ಲ. ಎಟಿಎಂಗೆ ಒಂದು, ಅಂಗಡಿಯ ಸ್ವೈಪ್‌ಗೆ ಒಂದು, ಆನ್‌ಲೈನ್‌ಗೆ ಒಂದು, ಮುಟ್ಟಿಸಿ ಕಟ್ಟುವ ಟ್ಯಾಪ್‌ಗೆ ಒಂದು. ಪ್ರತಿಯೊಂದಕ್ಕೂ ದಿನದ ಮಿತಿ ಬೇರೆ. ನಮ್ಮಲ್ಲಿ ಒಬ್ಬರು ಎಟಿಎಂ ಸ್ವಿಚ್ ಆನ್ ಮಾಡಿದ್ದರು, ಮಿತಿ ಮಾತ್ರ ಹತ್ತು ಸಾವಿರಕ್ಕೇ ನಿಂತಿತ್ತು. ಹಾಗೇ ಹೋಗಿದ್ದರೆ ಅಲ್ಲಿ 20,000 ಬಾತ್ ಒತ್ತಿದಾಗ ಬರೀ ‘ಡಿಕ್ಲೈನ್ಡ್’ ಅಂತ ಬರುತ್ತಿತ್ತು, ಕಾರಣ ಸ್ಕ್ರೀನ್ ಹೇಳುತ್ತಿರಲಿಲ್ಲ. ನಗದು ತೆಗೆಯುವ ಕಾರ್ಡಿಗೆ ಎಟಿಎಂ ಮಾತ್ರ ಆನ್, ಅಂಗಡಿಯ ಕಾರ್ಡಿಗೆ ಸ್ವೈಪ್ ಮತ್ತು ಟ್ಯಾಪ್ ಮಾತ್ರ. ಆನ್‌ಲೈನ್ ಎರಡರಲ್ಲೂ ಆಫ್. ಹೊರದೇಶದ ವೆಬ್‌ಸೈಟುಗಳಲ್ಲಿ ಒಟಿಪಿ ಕೇಳದೆಯೇ ಹಣ ಹೋಗಬಹುದು, ಕಾರ್ಡ್ ನಂಬರ್ ಕದ್ದವರಿಗೆ ಬೇಕಾದ್ದೂ ಅದೇ.

ಇನ್ನೊಂದು ಸಣ್ಣ ಕೆಲಸ, ಮರೆಯುವಂಥದ್ದು: ಕ್ರೆಡಿಟ್ ಕಾರ್ಡಿನ ಪಿನ್. ಇಲ್ಲಿ ಟ್ಯಾಪ್ ಮಾಡಿ ಅಭ್ಯಾಸ ಆದವರಿಗೆ ಪಿನ್ ಇದೆಯೋ ಇಲ್ಲವೋ ನೆನಪೇ ಇರುವುದಿಲ್ಲ. ಟಿಕೆಟ್ ಕೊಡುವ ಯಂತ್ರಗಳು, ರೈಲು ನಿಲ್ದಾಣದ ಯಂತ್ರಗಳು ಪಿನ್ ಕೇಳಿದರೆ ಅಲ್ಲಿ ಕೇಳಲು ಯಾರೂ ಇರುವುದಿಲ್ಲ. ಆ್ಯಪ್‌ನಲ್ಲಿ ಪಿನ್ ಹಾಕಿಕೊಂಡು, ಊರಿನ ಯಾವುದಾದರೂ ಅಂಗಡಿಯಲ್ಲಿ ಟ್ಯಾಪ್ ಮಾಡದೆ ಕಾರ್ಡ್ ತೂರಿಸಿ ಒಂದು ಸಲ ಕಟ್ಟಿ ನೋಡಿ. ನಾವು ಬೆಣ್ಣೆ ದೋಸೆ ಹೋಟೆಲಿನ ಗಲ್ಲಾದಲ್ಲಿ ನಾಲ್ಕೂ ಕಾರ್ಡ್ ಪರೀಕ್ಷೆ ಮಾಡಿಕೊಂಡೆವು.

ಮುಂದೆ ನೋಟು. ಪಟ್ಟಾಯದ ಸಂತೆಯಲ್ಲಿ, ಟುಕ್‌ಟುಕ್‌ನಲ್ಲಿ, ರಸ್ತೆ ಬದಿಯ ತಿಂಡಿಗೆ ಕಾರ್ಡ್ ನಡೆಯುವುದಿಲ್ಲ. ಇಳಿದ ತಕ್ಷಣದ ಖರ್ಚಿಗೂ ಎಟಿಎಂ ಕೈಕೊಟ್ಟರೆ ಇರಲಿ ಅಂತಲೂ ಒಬ್ಬರಿಗೆ ಮೂರು 100 ಡಾಲರ್ ನೋಟು ಎಂದು ಲೆಕ್ಕ ಹಾಕಿದೆವು. ಇಲ್ಲಿಂದ ಬಾತ್ ಕೊಂಡು ಹೋಗುವುದಕ್ಕಿಂತ ಡಾಲರ್ ಒಯ್ದು ಅಲ್ಲಿ ಬದಲಿಸುವುದು ಮೇಲು. ಡಾಲರಿಗೆ ಇಲ್ಲಿ ಪೇಟೆ ದೊಡ್ಡದು, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ಕಡಿಮೆ. ಬಾತ್ ಇಟ್ಟುಕೊಂಡವರು ಕಮ್ಮಿ, ಅಂತರ ಜಾಸ್ತಿ.

ದಾವಣಗೆರೆಯಲ್ಲಿ ಬ್ಯಾಂಕ್ ಶಾಖೆಗಳಿಗೆ ಬರ ಇಲ್ಲ, ಆದರೆ ಎಲ್ಲ ಶಾಖೆಯಲ್ಲೂ ವಿದೇಶಿ ನೋಟು ಕೊಡುವ ಅಧಿಕಾರ ಇರುವುದಿಲ್ಲ. ಮೊದಲು ಫೋನ್ ಮಾಡಿ ಕೇಳಿಕೊಂಡು ಹೋಗುವುದು ಲೇಸು. ನಾವು ಹೋದ ಶಾಖೆಯಲ್ಲಿ ನೋಟು ಬೆಂಗಳೂರಿನಿಂದ ತರಿಸಬೇಕಿತ್ತು, ನಾಲ್ಕು ಕೆಲಸದ ದಿನ ಹಿಡಿಯಿತು. ಕೊಡಬೇಕಾದ ಕಾಗದ: ಪಾಸ್‌ಪೋರ್ಟ್, ಟಿಕೆಟ್, ವೀಸಾ ಬೇಕಿರುವ ದೇಶವಾದರೆ ವೀಸಾ, ಪ್ಯಾನ್, ಮತ್ತು ವಿದೇಶಿ ಹಣ ಕೊಳ್ಳಲು ತುಂಬಿಕೊಡುವ ಎ2 ಫಾರಂ. ರೂಪಾಯಿಯನ್ನು ನಗದಾಗಿ ಕೊಡಬಹುದಾದ್ದು 50,000ದ ತನಕ ಮಾತ್ರ, ಅದಕ್ಕೆ ಮೇಲ್ಪಟ್ಟರೆ ಖಾತೆಯಿಂದಲೇ ಹೋಗಬೇಕು. ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ 3,000 ಡಾಲರ್ ಮಿತಿ, ಉಳಿದದ್ದು ಕಾರ್ಡಿನಲ್ಲಿ. ಹಜ್, ಉಮ್ರಾಕ್ಕೆ ಹೋಗುವವರಿಗೆ ಈ ಮಿತಿ ಅಡ್ಡ ಬರುವುದಿಲ್ಲ.

ಕೌಂಟರಿನಲ್ಲಿ ಒಂದು ಪದ ಗೊಂದಲ ಮಾಡುತ್ತದೆ. ‘ಸರ್, ಇವತ್ತಿನ ಕಾರ್ಡ್ ರೇಟ್ ಇಷ್ಟದೆ ನೋಡ್ರಿ’ ಅಂದರೆ ನಿಮ್ಮ ಎಟಿಎಂ ಕಾರ್ಡಿನ ದರ ಅಂತ ಅಲ್ಲ. ಬ್ಯಾಂಕು ಬೆಳಿಗ್ಗೆ ಹೊರಡಿಸುವ ದಿನದ ದರಪಟ್ಟಿಗೆ ಅವರು ಕಾರ್ಡ್ ರೇಟ್ ಅನ್ನುತ್ತಾರೆ. ಆ ಪಟ್ಟಿಯಲ್ಲಿ ಒಂದೇ ಡಾಲರಿಗೆ ಹಲವು ಕಾಲಂ ಇರುತ್ತವೆ. ಟಿಟಿ ಸೆಲ್ಲಿಂಗ್ ಅಂದರೆ ಹೊರಗೆ ಹಣ ಕಳಿಸುವವರಿಗೆ, ಕರೆನ್ಸಿ ಸೆಲ್ಲಿಂಗ್ ಅಂದರೆ ನೋಟು ಕೊಳ್ಳುವವರಿಗೆ, ಟ್ರಾವೆಲ್ ಕಾರ್ಡ್ ಸೆಲ್ಲಿಂಗ್ ಅಂದರೆ ಫಾರೆಕ್ಸ್ ಕಾರ್ಡ್ (ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡು ಒಯ್ಯುವ ಕಾರ್ಡ್) ತುಂಬಿಸುವವರಿಗೆ. ನೋಟಿನ ದರ ಟಿಟಿಗಿಂತ ಮೇಲಿರುತ್ತದೆ, ನೋಟು ಸಾಗಿಸುವ, ಇಟ್ಟುಕೊಳ್ಳುವ ಖರ್ಚು ಅದರಲ್ಲಿ ಸೇರಿದೆ. ಟಿಟಿ ದರ ನೋಡಿಕೊಂಡು ಹೋಗಿ ನೋಟಿನ ದರ ಕೇಳಿ ಜಗಳ ತೆಗೆದು ಪ್ರಯೋಜನವಿಲ್ಲ.

ದರದ ಮಾತಿನಲ್ಲಿ ಮುಳುಗುವ ಬದಲು ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿದೆವು: ‘ಸರ್, ನಮ್ಮ ಕೈಗೆ 300 ಡಾಲರ್ ಬರಬೇಕು. ಸರ್ವೀಸ್ ಚಾರ್ಜು, ಜಿಎಸ್‌ಟಿ ಎಲ್ಲಾ ಸೇರಿ ಅಕೌಂಟಿಂದ ಎಷ್ಟು ಹೋಗ್ತದ್ರಿ?’ ಆ ಮೊತ್ತವನ್ನು 300ರಿಂದ ಭಾಗಿಸಿ, ಅದೇ ಹೊತ್ತಿಗೆ ಫೋನಿನಲ್ಲಿ ಕಾಣುವ ಪೇಟೆ ದರದ ಪಕ್ಕ ಇಟ್ಟು ನೋಡಿದರೆ ಸತ್ಯ ಹೊರಬೀಳುತ್ತದೆ. ಪೇಟೆ ದರಕ್ಕಿಂತ ನೂರಕ್ಕೆ ಒಂದು, ಒಂದೂವರೆ ಹೆಚ್ಚಿದ್ದರೆ ನೋಟಿಗೆ ಒಳ್ಳೆಯ ದರವೇ. ಮೂರು ದಾಟಿದರೆ ಬೇರೆ ಕಡೆ ಕೇಳಿ. ‘ಜೀರೋ ಕಮಿಷನ್’ ಅನ್ನುವ ಬೋರ್ಡಿಗೆ ಬೆಲೆ ಕೊಡಬೇಡಿ, ಕಮಿಷನ್ ಬೇಕಾದವರು ದರದಲ್ಲೇ ಸೇರಿಸಿರುತ್ತಾರೆ. ಜಿಎಸ್‌ಟಿ ವಿಷಯಕ್ಕೆ ಹೆದರಬೇಕಿಲ್ಲ. ಕರೆನ್ಸಿ ಬದಲಾವಣೆಯಲ್ಲಿ ಪೂರ್ತಿ ಹಣದ ಮೇಲೆ ಶೇ. 18 ಅಲ್ಲ. ಒಂದು ಲಕ್ಷದ ತನಕ ಮೊತ್ತದ ಶೇ. 1ನ್ನು ಸೇವೆಯ ಬೆಲೆ ಅಂತ ಹಿಡಿದು ಅದರ ಮೇಲೆ ಶೇ. 18. 25,000ಕ್ಕೆ 45 ರೂಪಾಯಿ, ಲಕ್ಷಕ್ಕೆ 180. ಕನಿಷ್ಠ 45.

ನೋಟು ಎಣಿಸಿಕೊಳ್ಳುವಾಗ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಪೆನ್ನಿನ ಗೀಟು, ಸೀಲಿನ ಗುರುತು, ಅಂಚಿನ ಹರಕು ಇದ್ದರೆ ಅಲ್ಲೇ ಬದಲಿಸಿಕೊಳ್ಳಿ. ಬ್ಯಾಂಕಾಕಿನ ಬದಲಾವಣೆ ಅಂಗಡಿಗಳಲ್ಲಿ ಅಂಥ ನೋಟನ್ನು ವಾಪಸ್ ತಳ್ಳುತ್ತಾರೆ. ಅಲ್ಲಿ 100 ಡಾಲರ್ ನೋಟಿಗೆ ಒಂದು ದರ, 20, 10, 5ರ ನೋಟಿಗೆ ಅದಕ್ಕಿಂತ ಕಡಿಮೆ ದರ. ಚಿಲ್ಲರೆ ಅನುಕೂಲ ಅಂತ ಸಣ್ಣ ನೋಟು ಕೇಳಿ ತಗೊಂಡರೆ ನಷ್ಟ ನಮಗೇ. ನೋಟನ್ನು ಮಡಚದೆ ಪಾಸ್‌ಪೋರ್ಟಿನ ಒಳಗೆ ಚಪ್ಪಟೆಯಾಗಿ ಇಟ್ಟುಕೊಂಡರೆ ಸಾಕು. ಹೇಗೂ ಬದಲಿಸುವಾಗ ಪಾಸ್‌ಪೋರ್ಟ್ ಕೇಳುತ್ತಾರೆ.

ಫಾರೆಕ್ಸ್ ಕಾರ್ಡ್ ಬೇಕೇ ಅನ್ನುವ ಪ್ರಶ್ನೆ ಬಂತು. ಓದಲು ಹೋಗುವ ಮಕ್ಕಳಿಗೆ, ಒಂದೇ ಕರೆನ್ಸಿಯ ದೇಶದಲ್ಲಿ ತಿಂಗಳುಗಟ್ಟಲೆ ಇರುವವರಿಗೆ ಒಳ್ಳೆಯದು. ದರ ತುಂಬಿಸಿದ ದಿನಕ್ಕೇ ನಿಲ್ಲುತ್ತದೆ, ಆಮೇಲೆ ರೂಪಾಯಿ ಇಳಿದರೂ ಚಿಂತೆ ಇಲ್ಲ. ಆದರೆ ಡಾಲರ್ ತುಂಬಿಸಿಕೊಂಡು ಥಾಯ್ಲೆಂಡಿನಲ್ಲಿ ಬಳಸಿದರೆ ಡಾಲರಿನಿಂದ ಬಾತ್‌ಗೆ ಮತ್ತೆ ಬದಲಾಗಬೇಕು, ಅದಕ್ಕೆ ಕ್ರಾಸ್ ಕರೆನ್ಸಿ ಚಾರ್ಜ್ ಅಂತ ಹಲವು ಕಾರ್ಡುಗಳಲ್ಲಿ ಶೇ. 3.5 ಇದೆ. ಯಾವ ಚಾರ್ಜ್ ತಪ್ಪಿಸಲು ಕಾರ್ಡ್ ಮಾಡಿಸಿದೆವೋ ಅದೇ ಚಾರ್ಜ್ ಇನ್ನೊಂದು ಹೆಸರಲ್ಲಿ ಬಂದ ಹಾಗೆ. ಉಳಿದ ಹಣ ವಾಪಸ್ ಪಡೆಯುವಾಗ ಸಿಗುವುದು ಬ್ಯಾಂಕು ಕೊಳ್ಳುವ ದರ, ಅಲ್ಲೂ ಸ್ವಲ್ಪ ಹೋಗುತ್ತದೆ. ಆರು ದಿನಕ್ಕೆ ಬೇಡ ಅಂತ ಬಿಟ್ಟೆವು.

ಟಿಸಿಎಸ್, ಅಂದರೆ ಹಣ ಕಟ್ಟುವಾಗಲೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ, ಅದರ ಬಗ್ಗೆ ಎಲ್ಲರೂ ಕೇಳುತ್ತಾರೆ. 2025ರ ಏಪ್ರಿಲ್‌ನಿಂದ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿಯ ತನಕ ನೋಟು ಕೊಂಡರೂ ಫಾರೆಕ್ಸ್ ಕಾರ್ಡ್ ತುಂಬಿಸಿದರೂ ಅದು ಬೀಳುವುದಿಲ್ಲ. ಟೂರ್ ಪ್ಯಾಕೇಜಿನ ನಿಯಮ ಬೇರೆ, ಅದನ್ನು ಏಜೆಂಟರ ಬಿಲ್ಲಿನಲ್ಲೇ ನೋಡಿಕೊಳ್ಳಬೇಕು.

ಟಿಕೆಟ್, ಹೋಟೆಲ್ ಬುಕ್ ಮಾಡುವಾಗಲೂ ಒಂದು ಗುಂಡಿ ಇದೆ, ಮನೆಯಲ್ಲಿ ಕೂತೇ ಬೀಳುವಂಥದ್ದು. ಹೊರದೇಶದಲ್ಲಿ ನೋಂದಣಿಯಾದ ಕಂಪನಿಯ ವೆಬ್‌ಸೈಟ್ ದರವನ್ನು ರೂಪಾಯಿಯಲ್ಲಿ ತೋರಿಸಿ ರೂಪಾಯಿಯಲ್ಲೇ ಹಿಡಿದರೂ ಹಲವು ಬ್ಯಾಂಕುಗಳು ಅದನ್ನು ಅಂತರರಾಷ್ಟ್ರೀಯ ವ್ಯವಹಾರ ಎಂದೇ ಎಣಿಸಿ ಶೇ. 1 ಮತ್ತು ಜಿಎಸ್‌ಟಿ ಹಾಕುತ್ತವೆ. ಚಾರ್ಜ್ ಪಟ್ಟಿಯಲ್ಲಿ ನಾಲ್ಕನೆಯ ಸಾಲು ಹುಡುಕಿ ಅಂದದ್ದು ಇದಕ್ಕೇ. ಮಾರ್ಕಪ್ ಇಲ್ಲದ ಕಾರ್ಡ್ ಇದ್ದರೆ ಅಂಥ ಕಡೆ ಅಲ್ಲಿಯ ಕರೆನ್ಸಿಯನ್ನೇ ಆರಿಸಿ.

ಈ ಎಲ್ಲ ಕೆಲಸ ದಾವಣಗೆರೆಯಲ್ಲೇ ಮುಗಿದಿರಬೇಕು. ನಮಗೆ ವಿಮಾನ ಸಿಗುವುದು ಬೆಂಗಳೂರಿನಲ್ಲಿ. ರಾತ್ರಿ ಬಸ್ ಹತ್ತಿ ಚಿತ್ರದುರ್ಗ, ಹಿರಿಯೂರು, ತುಮಕೂರು ದಾಟಿ ನಿಲ್ದಾಣ ಸೇರುವ ಹೊತ್ತಿಗೆ ಯಾವ ಬ್ಯಾಂಕೂ ತೆರೆದಿರುವುದಿಲ್ಲ. ಉಳಿಯುವುದು ವಿಮಾನ ನಿಲ್ದಾಣದ ಕೌಂಟರು, ಅಲ್ಲಿ ಬಾಡಿಗೆಯೂ ದುಬಾರಿ, ದರವೂ ದುಬಾರಿ. ಬೇರೆ ದಾರಿ ಇಲ್ಲದೆ ಬಂದವರೇ ಅವರ ಗಿರಾಕಿಗಳು. ಜೇಬಿನಲ್ಲಿ ಭಾರತದ ನೋಟು 25,000ಕ್ಕಿಂತ ಹೆಚ್ಚು ಇರಬಾರದು ಅನ್ನುವುದೂ ನೆನಪಿರಲಿ.

ಇನ್ನು ಎಟಿಎಂ ಮುಂದೆ. ಇದನ್ನು ನಿಧಾನವಾಗಿ ಹೇಳಬೇಕು, ಹಣ ಹೋಗುವುದೇ ಇಲ್ಲಿ.

ಬ್ಯಾಂಕಿನ ಶಾಖೆಗೆ ಅಂಟಿಕೊಂಡಿರುವ ಎಟಿಎಂ ಆರಿಸಿ, ಶಾಖೆ ತೆರೆದಿರುವ ಹೊತ್ತಿನಲ್ಲೇ ಹೋಗಿ. ಕಾರ್ಡ್ ಒಳಗೆ ಸಿಕ್ಕಿಹಾಕಿಕೊಂಡರೆ ಕೇಳಲು ಜನ ಇರುತ್ತಾರೆ. ಕಾರ್ಡ್ ಹಾಕಿ, ಇಂಗ್ಲಿಷ್ ಆರಿಸಿ, ಪಿನ್ ಒತ್ತಿ. ಆರು ಚುಕ್ಕೆ ಕಂಡರೂ ನಮ್ಮ ನಾಲ್ಕು ಅಂಕಿ ಒತ್ತಿ ಎಂಟರ್ ಕೊಟ್ಟರೆ ಸಾಮಾನ್ಯವಾಗಿ ಮುಂದೆ ಹೋಗುತ್ತದೆ. ಖಾತೆ ಯಾವುದು ಅಂದರೆ ಸೇವಿಂಗ್ಸ್. ಮೊತ್ತ ಕೇಳುವಾಗ ಪಕ್ಕದಲ್ಲಿ ತೋರಿಸುವ 1,000, 2,000, 5,000ದ ಗುಂಡಿ ಬಿಟ್ಟು ‘ಅದರ್ ಅಮೌಂಟ್’ ಒತ್ತಿ 20,000 ಅಂತ ಹೊಡೆಯಿರಿ. 220 ಬಾತ್ ಎಷ್ಟು ತೆಗೆದರೂ ಅಷ್ಟೇ ತಾನೆ. ಒಬ್ಬರಿಗೆ ಅಷ್ಟು ಬೇಡ ಅಂದರೆ ನಾಲ್ಕು ಜನರ ಪಾಲನ್ನು ಒಬ್ಬರು ತೆಗೆದು ಹಂಚಿಕೊಳ್ಳುವುದು. ನಾವು ಹಾಗೇ ಮಾಡಿದ್ದು, ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಊರಿಗೆ ಬಂದು ಯುಪಿಐನಲ್ಲಿ ಚುಕ್ತಾ.

ಈಗ ಒಂದರ ಹಿಂದೆ ಒಂದು ಎರಡು ಪ್ರಶ್ನೆ ಬರುತ್ತವೆ. ಮೊದಲನೆಯ ಸ್ಕ್ರೀನ್: ಈ ಎಟಿಎಂ 220 ಬಾತ್ ಚಾರ್ಜ್ ಮಾಡುತ್ತದೆ, ಮುಂದುವರಿಯಬೇಕೇ? ಇದಕ್ಕೆ ಹೂಂ ಅನ್ನಲೇಬೇಕು, ಬೇಡ ಅಂದರೆ ಕಾರ್ಡ್ ವಾಪಸ್ ಬರುತ್ತದೆ. ಎರಡನೆಯ ಸ್ಕ್ರೀನ್ ಅದೇ ಬಣ್ಣ, ಅದೇ ಜಾಗದಲ್ಲಿ ಗುಂಡಿ. ಅಲ್ಲಿ ಬರೆದಿರುವುದು ಸರಿಸುಮಾರು ಹೀಗೆ: 20,220 ಬಾತ್, ದರ 2.68, ನಿಮ್ಮ ಖಾತೆಯಿಂದ ಹೋಗುವುದು 54,189 ರೂಪಾಯಿ 60 ಪೈಸೆ, ಈ ದರ ಖಾತ್ರಿ. ಕೆಳಗೆ ಒಂದು ಕಡೆ ‘ಅಕ್ಸೆಪ್ಟ್ ಕನ್ವರ್ಷನ್’, ಇನ್ನೊಂದು ಕಡೆ ‘ಡಿಕ್ಲೈನ್ ಕನ್ವರ್ಷನ್’. ಕೆಲವು ಯಂತ್ರದಲ್ಲಿ ‘ವಿತ್ ಕನ್ವರ್ಷನ್’, ‘ವಿದೌಟ್ ಕನ್ವರ್ಷನ್’. ಇಲ್ಲಿ ಒತ್ತಬೇಕಾದ್ದು ಡಿಕ್ಲೈನ್. ಎರಡೂವರೆ ರೂಪಾಯಿಯ ದರದಲ್ಲಿ ಆ 20,220 ಬಾತ್‌ಗೆ 50,550 ಆಗಬೇಕು. ಅಕ್ಸೆಪ್ಟ್ ಒತ್ತಿದರೆ ಒಂದು ಗುಂಡಿಗೆ 3,640 ರೂಪಾಯಿ ಹೋಯಿತು.

ಬಹಳ ಜನ ಅಕ್ಸೆಪ್ಟ್ ಒತ್ತುವುದಕ್ಕೆ ಕಾರಣ ಎರಡು. ಒಂದು, ಡಿಕ್ಲೈನ್ ಅಂದರೆ ಹಣವೇ ಬರುವುದಿಲ್ಲ ಅನ್ನುವ ಭಯ. ಬರುತ್ತದೆ. ಡಿಕ್ಲೈನ್ ಆಗುವುದು ಅವರು ಹೇಳಿದ ದರ, ನಮ್ಮ ವ್ಯವಹಾರ ಅಲ್ಲ. ಹಣ ಬಾತ್‌ನಲ್ಲೇ ದಾಖಲಾಗಿ, ವೀಸಾ ಅಥವಾ ಮಾಸ್ಟರ್‌ಕಾರ್ಡಿನ ದರದಲ್ಲಿ ರೂಪಾಯಿಗೆ ಬದಲಾಗುತ್ತದೆ. ಆ ದರ ಪೇಟೆ ದರಕ್ಕೆ ತೀರಾ ಹತ್ತಿರ. ಎರಡನೆಯ ಕಾರಣ, ರೂಪಾಯಿಯಲ್ಲಿ ಮೊತ್ತ ಕಂಡರೆ ಮನಸ್ಸಿಗೆ ಸಮಾಧಾನ. ‘ಎಷ್ಟು ಹೋಯ್ತು ಅಂತ ಅಲ್ಲೇ ಗೊತ್ತಾಗ್ತದಲ್ರಿ’ ಅನ್ನುತ್ತಾರೆ. ಗೊತ್ತಾಗುವುದಕ್ಕೆ ಮೂರೂವರೆ ಸಾವಿರ ಕೊಡಬೇಕಾಗಿಲ್ಲ, ಬಾತನ್ನು ಎರಡೂವರೆಯಿಂದ ಗುಣಿಸಿದರೆ ಗೊತ್ತಾಗುತ್ತದೆ. ಯುರೋಪಿನಲ್ಲಿ 2020ರಿಂದ ಎಟಿಎಂಗಳು ಈ ಬದಲಾವಣೆಗೆ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ದರಕ್ಕಿಂತ ನೂರಕ್ಕೆ ಎಷ್ಟು ಹೆಚ್ಚು ಹಿಡಿಯುತ್ತಿದ್ದೇವೆ ಅಂತ ತೋರಿಸಬೇಕು ಎಂಬ ನಿಯಮವಿದೆ. ನಿಯಮ ಬಂದದ್ದು ಅಲ್ಲಿಯ ಕರೆನ್ಸಿಗಳ ನಡುವಿನ ಬದಲಾವಣೆಗೆ, ರೂಪಾಯಿ ಕಾರ್ಡಿಗೂ ಆ ಅಂಕಿ ಕಂಡರೆ ಒಮ್ಮೆ ಓದಿ.

ಹಣ ತಗೊಂಡ ಮೇಲೆ ಕಾರ್ಡ್ ನೋಡಿ. ಕೆಲವು ದೇಶದ ಯಂತ್ರ ಮೊದಲು ನೋಟು ಕೊಟ್ಟು ಆಮೇಲೆ ಕಾರ್ಡ್ ಕೊಡುತ್ತದೆ. ನೋಟು ಎಣಿಸುವ ಗಡಿಬಿಡಿಯಲ್ಲಿ ಹೊರಟುಬಿಟ್ಟರೆ ಕಾರ್ಡ್ ಒಳಗೆ ಹೋಗುತ್ತದೆ. ಚೀಟಿ ಬೇಕೇ ಅಂದರೆ ಬೇಕು ಅನ್ನಿ, ಆಮೇಲೆ ತಕರಾರು ಬಂದರೆ ಅದೇ ಸಾಕ್ಷಿ.

ಅಂಗಡಿಯಲ್ಲಿ ಇದೇ ಪ್ರಶ್ನೆಯನ್ನು ಯಂತ್ರ ಅಂಗಡಿಯವರ ಕಡೆ ಮುಖ ಮಾಡಿ ಕೇಳುತ್ತದೆ. ಅವರು ನಮ್ಮನ್ನು ಕೇಳದೆ ರೂಪಾಯಿ ಒತ್ತಿರುತ್ತಾರೆ. ಕಾರ್ಡ್ ಕೊಡುವ ಮೊದಲೇ ‘ಬಾತ್, ನಾಟ್ ರುಪೀಸ್’ ಅಂತ ಹೇಳಿ. ಪಿನ್ ಒತ್ತುವ ಮುನ್ನ ಯಂತ್ರದ ಪರದೆಯಲ್ಲಿ ಮೊತ್ತದ ಮುಂದೆ ಯಾವ ಕರೆನ್ಸಿಯ ಅಕ್ಷರ ಇದೆ ಅಂತ ನೋಡಿ. ಚೀಟಿ ಬಂದ ಮೇಲೆ ರೂಪಾಯಿ ಕಂಡರೂ ತಡವಾಗಿಲ್ಲ, ಅಲ್ಲೇ ನಿಂತು ವಾಯ್ಡ್ (ರದ್ದು) ಮಾಡಿಸಿ ಮತ್ತೆ ಬಾತ್‌ನಲ್ಲಿ ಹಾಕಿಸಬೇಕು. ಗಿರಾಕಿಗೆ ಆಯ್ಕೆ ಕೊಡಲೇಬೇಕು ಅನ್ನುವುದು ವೀಸಾ, ಮಾಸ್ಟರ್‌ಕಾರ್ಡ್ ಎರಡರದೂ ನಿಯಮ, ಹಾಗಾಗಿ ಸಂಕೋಚ ಪಡಬೇಕಿಲ್ಲ. ಕೆಲವು ಸಣ್ಣ ಅಂಗಡಿಗಳು ಕಾರ್ಡಿಗೆ ಶೇ. 3 ಹೆಚ್ಚಿಗೆ ಕೇಳುತ್ತವೆ, ಅಲ್ಲಿ ನಗದು ಕೊಡುವುದೇ ಮೇಲು. ಹೋಟೆಲಿನವರು ಡೆಪಾಸಿಟ್ ಅಂತ ಕಾರ್ಡ್ ಕೇಳಿದರೆ ಡೆಬಿಟ್ ಕೊಡಬೇಡಿ. ತಡೆಹಿಡಿದ ಹಣ ಖಾತೆಗೆ ಮರಳಲು ವಾರಗಟ್ಟಲೆ ಆಗಬಹುದು, ಅಷ್ಟು ದಿನ ಎಟಿಎಂನಲ್ಲಿ ತೆಗೆಯಲು ಆ ದುಡ್ಡು ಇರುವುದಿಲ್ಲ.

ಕೊನೆಯ ದಿನ ಉಳಿದ ಬಾತ್ ಏನು ಮಾಡುವುದು? ವಾಪಸ್ ತಂದು ಮಾರಿದರೆ ಎರಡನೆಯ ಸಲ ನಷ್ಟ, ನಾಣ್ಯವನ್ನಂತೂ ಯಾರೂ ಕೊಳ್ಳುವುದಿಲ್ಲ. ಹೋಟೆಲಿನ ಬಾಕಿ ಬಿಲ್ಲಿಗೆ ಇರುವ ನೋಟು, ನಾಣ್ಯ ಎಲ್ಲ ಕೊಟ್ಟು ‘ಉಳಿದದ್ದು ಕಾರ್ಡಿನಲ್ಲಿ’ ಅಂದರೆ ಒಪ್ಪುತ್ತಾರೆ. ಬದಲಿಸದೆ ಉಳಿದ ಡಾಲರ್ ನೋಟು ಹಾಗೇ ತಂದರೂ ತೊಂದರೆ ಇಲ್ಲ. 2,000 ಡಾಲರಿನ ತನಕ ಮನೆಯಲ್ಲಿ ಇಟ್ಟುಕೊಳ್ಳಲು ಅನುಮತಿ ಇದೆ, ಅದಕ್ಕೆ ಮೇಲ್ಪಟ್ಟದ್ದನ್ನು 180 ದಿನದೊಳಗೆ ಬ್ಯಾಂಕಿಗೆ ಕೊಡಬೇಕು.

ಊರಿಗೆ ಬಂದ ದಿನವೇ ಕಾರ್ಡಿನ ಅಂತರರಾಷ್ಟ್ರೀಯ ಸ್ವಿಚ್‌ಗಳನ್ನು ಆಫ್ ಮಾಡಿ. ಸ್ಟೇಟ್‌ಮೆಂಟ್ ನೋಡಲು ಮೂರು ನಾಲ್ಕು ದಿನ ಕಾಯಿರಿ. ಮೊದಲು ಬರುವ ಎಸ್‌ಎಂಎಸ್‌ನ ಮೊತ್ತ ತಾತ್ಕಾಲಿಕ, ಎರಡು ಮೂರು ದಿನದ ಮೇಲೆ ಲೆಕ್ಕ ಚುಕ್ತಾ ಆದಾಗಿನ ದರವೇ ಅಂತಿಮ. ಮಾರ್ಕಪ್ ಬೇರೆ ಸಾಲಾಗಿ ಬಂದಿದ್ದರೆ ಕಾಣುತ್ತದೆ. ಬರದಿದ್ದರೆ ಭಾಗಿಸಿ ನೋಡಬೇಕು: 20,220 ಬಾತ್‌ಗೆ 52,572 ರೂಪಾಯಿ ಹೋಗಿದ್ದರೆ ಬಾತ್‌ಗೆ 2.60 ಬಿದ್ದಿದೆ. ವೀಸಾ, ಮಾಸ್ಟರ್‌ಕಾರ್ಡ್ ಎರಡರ ವೆಬ್‌ಸೈಟಿನಲ್ಲೂ ಆಯಾ ದಿನಾಂಕದ ದರ ಸಿಗುತ್ತದೆ. ಅಲ್ಲಿ 2.50 ಇದ್ದರೆ ನೂರಕ್ಕೆ ನಾಲ್ಕು ದರದ ಒಳಗೇ ಸೇರಿದೆ ಅಂತ ಅರ್ಥ. ಜೀರೋ ಮಾರ್ಕಪ್ ಅಂತ ಕೊಟ್ಟ ಕಾರ್ಡಿನಲ್ಲಿ ಹೀಗಾಗಿದ್ದರೆ ಎಟಿಎಂ ಚೀಟಿ, ಆ ದಿನದ ದರದ ಪುಟದ ಚಿತ್ರ ಎರಡನ್ನೂ ಲಗತ್ತಿಸಿ ಬ್ಯಾಂಕಿಗೆ ಬರೆಯಿರಿ, ದೂರಿನ ನಂಬರ್ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಖರ್ಚಿಲ್ಲ. ನೀವು ಮಾಡದ ವ್ಯವಹಾರ ಕಂಡರೆ ಮಾತ್ರ ಒಂದು ದಿನವೂ ಕಾಯಬೇಡಿ. 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದಿದ್ದಾಗ ಮೂರು ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ಹೊಣೆ ಸೊನ್ನೆ, ನಾಲ್ಕನೆಯ ದಿನದಿಂದ ಒಂದಷ್ಟು ನಮ್ಮ ಮೇಲೂ ಬರುತ್ತದೆ. ಕಾರ್ಡ್ ಬ್ಲಾಕ್ ಮಾಡುವ ನಂಬರನ್ನು ಫೋನಿನಲ್ಲಷ್ಟೇ ಅಲ್ಲದೆ ಒಂದು ಕಾಗದದ ಮೇಲೂ ಬರೆದು ಪಾಸ್‌ಪೋರ್ಟ್ ಕವರಿನಲ್ಲಿ ಇಟ್ಟಿರಿ, ಫೋನೂ ಕಾರ್ಡೂ ಒಂದೇ ಚೀಲದಲ್ಲಿ ಕಳೆದುಹೋಗುವುದುಂಟು.